ಹೊರಗ್ರಹ ಹಿಡಿಯಲು ಕಾಲೇಜಿನ ಮಾಳಿಗೆಗೆ ದೂರದರ್ಶಕ ಬೇಕೆ?

ಪರ: ಎಂಟು ಇಂಚು ಸಾಕು

ಧಾರವಾಡದ ಮಾಳಿಗೆಯಿಂದ ಬೇರೆ ನಕ್ಷತ್ರದ ಗ್ರಹ ಸಿಕ್ಕೀತೇ ಎಂದು ನಗುವವರಿಗೆ ಒಂದೇ ಗ್ರಹದ ಹೆಸರು ಸಾಕು: ವಾಸ್ಪ್-43ಬಿ. ಹತ್ತೊಂಬತ್ತೂವರೆ ಗಂಟೆಗೊಂದು ಸುತ್ತು. ನಕ್ಷತ್ರದ ಮುಂದೆ ಹಾಯ್ದಾಗ ಬೆಳಕು ಶೇ. 2.5ರಷ್ಟು ಇಳಿಯುತ್ತದೆ, ಸುಮಾರು 70 ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಫೆಬ್ರುವರಿ ನಡುರಾತ್ರಿ ಅದು ನೆತ್ತಿಯಿಂದ 25 ಡಿಗ್ರಿ ದಕ್ಷಿಣಕ್ಕಿರುತ್ತದೆ. ಹುಬ್ಬಳ್ಳಿ ಕಡೆಯ ದೀಪದ ಬೆಳಕು ದಾಟಿ ಮೇಲೇರಲು ಬಿಡಿ, ಅಷ್ಟೇ.

ನಕ್ಷತ್ರದ ಕಾಂತಿಮಾನ 12.4 (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು). ಎಂಟು ಇಂಚಿನ ದೂರದರ್ಶಕ, ತಣ್ಣಗಿಡುವ ಕಪ್ಪು-ಬಿಳುಪು ಕ್ಯಾಮೆರಾ, ನಕ್ಷತ್ರದ ಬೆನ್ನುಹತ್ತುವ ಮೌಂಟ್ ಇದ್ದರೆ ನಿಮಿಷಕ್ಕೊಂದು ಚಿತ್ರ ತೆಗೆಯುತ್ತ ಹೋಗಬಹುದು. ಗ್ರಹ ಹಾಯುವುದಕ್ಕೆ ಒಂದು ತಾಸು ಮೊದಲೇ ಶುರುಮಾಡಿ, ಮುಗಿದ ಮೇಲೂ ಒಂದು ತಾಸು ಮುಂದುವರಿಸಿ. ಬೆಳಕಿನ ನಕ್ಷೆಯಲ್ಲಿ ಎರಡೂ ಬದಿಯ ಸಮತಟ್ಟು ಇಲ್ಲದೆ ನಡುವಿನ ತಗ್ಗಿನ ಆಳ ತಿಳಿಯದು. ಫೋಕಸ್ ಬೇಕೆಂದೇ ತುಸು ಕೆಡಿಸಿ. ಬೆಳಕು ಹತ್ತಾರು ಪಿಕ್ಸೆಲ್‌ಗೆ ಹಂಚಿಹೋದರೆ ಯಾವುದೂ ತುಂಬಿ ಚೆಲ್ಲದು. ಫ್ಲ್ಯಾಟ್ ಚಿತ್ರ (ಧೂಳಿನ ಕಲೆ ಕಳೆಯಲು ಸಮನಾದ ಬೆಳಕಿಗೆ ಹಿಡಿದು ತೆಗೆಯುವ ಚಿತ್ರ) ಮರೆತಿರೋ, ಕ್ಯಾಮೆರಾ ಗಾಜಿನ ಮೇಲಿನ ಎರೆಮಣ್ಣಿನ ಕಣವೇ ಗ್ರಹದ ವೇಷ ಹಾಕುತ್ತದೆ: ನಕ್ಷತ್ರ ಅದರ ನೆರಳಿಗೆ ಸರಿದಾಗ ಸುಳ್ಳು ತಗ್ಗು. ಇಬ್ಬನಿಗೆ ಮುಂಗಾಜಿನ ಸುತ್ತ ಬಿಸಿಪಟ್ಟಿ. ಬೆಳಕಿನ ಅಳತೆಗೆ ಆಸ್ಟ್ರೋಇಮೇಜ್‌ಜೆ ತಂತ್ರಾಂಶ, ಪುಕ್ಕಟೆ. ಅಕ್ಕಪಕ್ಕದ, ಬೆಳಕು ಬದಲಾಗದ ಐದಾರು ನಕ್ಷತ್ರಗಳ ಜೊತೆ ತೂಗಿ ನೋಡಬೇಕು.

ಪ್ರಯೋಜನ? ಸುತ್ತಿನ ಅವಧಿಯ ಲೆಕ್ಕ ಒಂದು ಸೆಕೆಂಡ್ ತಪ್ಪಿದ್ದರೂ, ವರ್ಷಕ್ಕೆ 449 ಸುತ್ತು ಸೇರಿ ಏಳೂವರೆ ನಿಮಿಷ ಆಚೀಚೆ. ಅದನ್ನು ನಂಬಿ ಕಾದು ಕೂತ ದೊಡ್ಡ ದೂರದರ್ಶಕದ ಸಮಯ ಹಾಳು. ನಮ್ಮ ಅಳತೆ ಅದನ್ನು ತಿದ್ದುತ್ತದೆ, ಲ್ಯಾಪ್‌ಟಾಪಿನ ಗಡಿಯಾರ ಸರಿಯಿದ್ದರೆ.

ಹೊರಗ್ರಹ ಹುಡುಕುವ ನಾಸಾದ ಟೆಸ್ ಉಪಗ್ರಹದ ದತ್ತಾಂಶ ಇದೆಯಲ್ಲ ಅನ್ನುತ್ತಾರೆ. ಪರರ ಮನೆಯ ಅಡುಗೆ! ಅದರ ಒಂದು ಪಿಕ್ಸೆಲ್ ಆಕಾಶದಲ್ಲಿ 21 ಆರ್ಕ್‌ಸೆಕೆಂಡ್ ಅಗಲ (ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್). ಒಂದರಲ್ಲೇ ನಾಲ್ಕು ನಕ್ಷತ್ರ ಕಲಸಿದ್ದರೆ ಮಂಕಾದದ್ದು ಯಾವುದು? ನೆಲದ ಮೇಲಿನ ದೂರದರ್ಶಕವನ್ನೇ ಕೇಳಬೇಕು. 1999ರಲ್ಲಿ ಎಚ್‌ಡಿ 209458 ಎಂಬ ನಕ್ಷತ್ರದ ಗ್ರಹ ಹಾಯ್ದದ್ದನ್ನು ಹಿಡಿದ ದೂರದರ್ಶಕಗಳಲ್ಲಿ ಒಂದು ಬರೀ 10 ಸೆಂಟಿಮೀಟರಿನದು.

ವಿರೋಧ: ದತ್ತಾಂಶ ಸಾಲದೆ?

ನನ್ನ ಪಾಲಿಗೆ ಬಂದದ್ದು ವಿರೋಧ. ವಾಸ್ಪ್-43ಬಿ ಬಗ್ಗೆ ತಕರಾರಿಲ್ಲ, ಅದು ಒಳ್ಳೆಯ ಆಯ್ಕೆಯೇ. ಆದರೆ ಅದಕ್ಕಿಂತ ಸುಲಭದ, ಗ್ರಹವಿರುವ ನಕ್ಷತ್ರ ಎಚ್‌ಡಿ 189733 ನೋಡಿ: ಕಾಂತಿಮಾನ 7.7, ತಗ್ಗು ಶೇ. 2.4. ನೆತ್ತಿಗೆ ಬರುವುದು ಆಗಸ್ಟ್ ರಾತ್ರಿಗಳಲ್ಲಿ. ಧಾರವಾಡದಲ್ಲಿ ಆಗ ಜಿಟಿಜಿಟಿ ಮಳೆ. ದೂರದರ್ಶಕ ಪೆಟ್ಟಿಗೆಯಲ್ಲಿ, ಗಾಜಿಗೆ ಬೂಷ್ಟು.

ಮಾಳಿಗೆಯಿಂದ ಪ್ಲೂಟೊದಂಥ ಹೊಸ ಕುಬ್ಜಗ್ರಹ ಹುಡುಕುವ ಆಸೆಯಂತೂ ಬೇಡ. ಅಂಥ ಕುಬ್ಜಗ್ರಹ ಮಾಕೆಮಾಕೆಯೇ 17ನೇ ಕಾಂತಿಮಾನ, ತಾಸಿಗೆ ಸರಿಯುವುದು ಹೆಚ್ಚೆಂದರೆ ಮೂರು ಆರ್ಕ್‌ಸೆಕೆಂಡ್. ಇನ್ನೊಂದು ಕುಬ್ಜಗ್ರಹ ಎರಿಸ್‌ನ ಚಿತ್ರವನ್ನು ಅಮೆರಿಕದ ಪಾಲೊಮಾರ್ ವೀಕ್ಷಣಾಲಯದಲ್ಲಿ 2003ರಲ್ಲೇ ತೆಗೆದಿದ್ದರು. ಚಲನೆ ತೀರಾ ನಿಧಾನವೆಂದು ತಂತ್ರಾಂಶ ಕೈಬಿಟ್ಟಿತ್ತು. 2005ರಲ್ಲಿ ಹಳೆಯ ಚಿತ್ರಗಳನ್ನು ಮತ್ತೆ ಜಾಲಾಡಿದಾಗ ಸಿಕ್ಕಿತು. ಪರರ ಮನೆಯ ಅಡುಗೆಯಲ್ಲ, ತಮ್ಮದೇ ತಂಗಳು.

ಪರದವರಿಗೆ ವಿದ್ಯಾರ್ಥಿ ಅಂದರೆ ಕಂಬಳಿ ಹೊದ್ದು ಮಾಳಿಗೆಯಲ್ಲಿ ನಡುಗುವವನೇ. ಕೋಣೆಯಲ್ಲಿ ಕೂತು ಟೆಸ್‌ನ 27 ದಿನದ ಒಂದು ಕಂತು ಇಳಿಸಿಕೊಳ್ಳಲಿ, ಲೈಟ್‌ಕರ್ವ್ ಎಂಬ ತಂತ್ರಾಂಶದಲ್ಲಿ ಬೆಳಕಿನ ನಿಧಾನದ ಏರಿಳಿತ ತೆಗೆದು ಸಮತಟ್ಟು ಮಾಡಲಿ. ಸಮತಟ್ಟು ಮಾಡಲು ಒಮ್ಮೆಗೆ ತೆಗೆದುಕೊಳ್ಳುವ ಕಾಲದ ತುಣುಕು, ಅಂದರೆ ಕಿಟಕಿ, ಗ್ರಹ ಹಾಯುವ ಅವಧಿಯ ಹಲವು ಪಟ್ಟು ಉದ್ದವಿರಬೇಕು, ಗಿಡ್ಡವಾದರೆ ಗ್ರಹದ ತಗ್ಗೂ ಅಳಿಸಿಹೋಗುತ್ತದೆ. ಆಮೇಲೆ ಸುತ್ತಿನ ಅವಧಿ ಹುಡುಕಿ, ಸುತ್ತುಗಳನ್ನು ಒಂದರ ಮೇಲೊಂದು ಬರುವಂತೆ ಮಡಚಿ, ಬೆಸ ಸುತ್ತಿನ ತಗ್ಗನ್ನೂ ಸಮ ಸುತ್ತಿನ ತಗ್ಗನ್ನೂ ಹೋಲಿಸಲಿ. ಆಳ ಬೇರೆ ಬೇರೆ ಬಂತೆಂದರೆ ಅದು ಗ್ರಹವಲ್ಲ, ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರ.