ಬಾಂಬ್ ಲೆಕ್ಕ ಪಕ್ಕಾ, ಮನೆ ಅಡ್ರೆಸ್ ಮಾತ್ರ ಕೇಳ್ಬೇಡಿ

ಅಮೆರಿಕದ ಇಂಡಿಯಾನಾ ರಾಜ್ಯದಿಂದ ರಿಚರ್ಡ್ ಲೂಗರ್ ಅಂತ ಒಬ್ರು ಸೆನೆಟರ್ ಇದ್ರು, ರಿಪಬ್ಲಿಕನ್, 1977ರಿಂದ 36 ವರ್ಷ ಅದೇ ಸೀಟು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸೀತಾ ಇದ್ದಾಗ ಡೆಮಾಕ್ರಟ್ ಸ್ಯಾಮ್ ನನ್ ಜೊತೆ ಸೇರ್ಕೊಂಡು ಒಂದು ಕಾನೂನು ಮಾಡಿಸಿದ್ರು, ಏನಪ್ಪಾ ಅಂದ್ರೆ ಪೆಂಟಗನ್, ಅಂದ್ರೆ ಅಮೆರಿಕದ ರಕ್ಷಣಾ ಇಲಾಖೆ ದುಡ್ಡಲ್ಲೇ ಹೋಗಿ ಸೋವಿಯತ್ ಕಾಲದ ಬಾಂಬ್, ಕ್ಷಿಪಣಿ ಎಲ್ಲ ಕಳಚೋದು. ಹೊಡೆಯೋಕೆ ಅಂತ ಇಟ್ಟಿದ್ದ ದುಡ್ಡಲ್ಲಿ ಒಡೆಯೋದು!

ಕೆಲಸ ನಡೀತು ರೀ, ತಮಾಷೆ ಅಲ್ಲ. 7,500ಕ್ಕೂ ಹೆಚ್ಚು ಅಣ್ವಸ್ತ್ರ ಸಿಡಿತಲೆ ನಿಷ್ಕ್ರಿಯ ಆದ್ವು, ಉಕ್ರೇನ್, ಕಜಕಸ್ತಾನ್, ಬೆಲಾರಸ್ ಮೂರೂ ಕಡೆ ಆಗ ಅಣ್ವಸ್ತ್ರ ಖಾಲಿ ಆಯ್ತು. ಈ ಮನುಷ್ಯ ಖುದ್ದಾಗಿ ಹೋಗಿ ನೋಡ್ತಿದ್ರು, ರಷ್ಯಾದ ಶುಚ್ಯೆ ಅನ್ನೋ ಊರಿನ ಗೋಡೌನಲ್ಲಿ ಒಂದು ವಿಷಾನಿಲದ ಶೆಲ್ ಎತ್ತಿ ಬ್ರೀಫ್‌ಕೇಸಲ್ಲಿ ಇಟ್ಟು ತೋರಿಸಿದ್ರು, ನೋಡ್ರಪ್ಪಾ ಟಿಫನ್ ಬಾಕ್ಸ್ ಥರ ಕೂರುತ್ತೆ, ಯಾರು ಬೇಕಾದ್ರೂ ಹೊತ್ಕೊಂಡು ಹೋಗಬಹುದು ಅಂತ. 2005ರಲ್ಲಿ ಆಗಷ್ಟೇ ಸೆನೆಟರ್ ಆಗಿದ್ದ ಹೊಸ ಹುಡುಗ ಒಬಾಮನ್ನ ಕರ್ಕೊಂಡು ಹೋದಾಗ ಪೆರ್ಮ್ ಏರ್‌ಪೋರ್ಟಲ್ಲಿ ರಷ್ಯಾದವರು ಪಾಸ್‌ಪೋರ್ಟ್ ಇಸ್ಕೊಂಡು ಮೂರು ಗಂಟೆ ಕೂರಿಸಿದ್ರು, ವಿಮಾನ ಜಾಲಾಡ್ಬೇಕಂತೆ. ಬಾಂಬ್ ಕಳಚೋಕೆ ದುಡ್ಡು ಕೊಟ್ಟೋರ ಮೇಲೇ ಅನುಮಾನ.

ಅದನ್ನಾದ್ರೂ ತಡ್ಕೋಬಹುದು, ಸ್ವಂತ ಊರಿನವರು ಮಾಡಿದ್ದು ಕೇಳಿ. 2012ರಲ್ಲಿ ಏಳನೇ ಅವಧಿಗೆ ನಿಲ್ಲೋಕೆ ಹೊರಟಾಗ ಯಾರೋ ಕೇಳಿದ್ರು, ಸ್ವಾಮಿ ತಮ್ಮ ಮನೆ ಎಲ್ಲಿ? ಲೈಸೆನ್ಸಲ್ಲಿ ಇಂಡಿಯಾನಾಪೊಲಿಸ್‌ನ ಒಂದು ಅಡ್ರೆಸ್ ಇದೆ, ಆದ್ರೆ ಆ ಮನೇನ 1977ರಲ್ಲೇ ಮಾರಿದ್ದಾರೆ! ಅಲ್ಲಿ ಯಾರೋ ಸಂಸಾರ ಮಾಡ್ಕೊಂಡಿದ್ದಾರೆ, ಇವ್ರು ಊರಿಗೆ ಬಂದ್ರೆ ಹೋಟೆಲಲ್ಲಿ ಇಳ್ಕೋತಾರೆ, ವೋಟು ಮಾತ್ರ ಆ ಮನೆ ಹೆಸರಲ್ಲಿ. ಕಾನೂನು ಪ್ರಕಾರ ಸರೀನೇ ಇದೆ ಅಂತ ಇವರ ಕಡೆಯವರು. ಕೌಂಟಿ ಚುನಾವಣಾ ಮಂಡಳಿ ಒಪ್ಪಲಿಲ್ಲ, 2-1ರಲ್ಲಿ ತೀರ್ಪು, ಅಲ್ಲಿ ನಿಮಗೆ ವೋಟಿಲ್ಲ. ಸೈಬೀರಿಯಾದ ಯಾವ ಗುಂಡೀಲಿ ಯಾವ ಕ್ಷಿಪಣಿ ಅಂತ ಲೆಕ್ಕ ಇಟ್ಟಿದ್ದವರು ಕೊನೆಗೆ ಅಪ್ಪನ ಕಾಲದ ಜಮೀನಿನ ವಿಳಾಸ ಬರ್ಕೊಟ್ಟು ವೋಟರ್ ಲಿಸ್ಟಿಗೆ ಸೇರ್ಕೊಂಡ್ರು. ಊರಿಗೆ ಉಪಕಾರಿ ಅಂತಾರಲ್ಲ, ಅದು.

ಮೇ ತಿಂಗಳ ಪ್ರೈಮರೀಲಿ, ಅಂದ್ರೆ ಅಭ್ಯರ್ಥಿ ಆರಿಸೋ ಪಕ್ಷದ ಒಳಗಿನ ಚುನಾವಣೇಲಿ, ಸ್ವಂತ ಪಕ್ಷದವರೇ ಸೋಲಿಸಿದ್ರು. ಡೆಮಾಕ್ರಟ್‌ಗಳ ಜೊತೆ ಸೇರಿ ಕೆಲಸ ಮಾಡ್ತಾರೆ ಅನ್ನೋದೂ ದೊಡ್ಡ ಆರೋಪ! ಪ್ರೈಮರಿ ಗೆದ್ದ ಮರ್ಡಾಕ್ ನವೆಂಬರ್ ಚುನಾವಣೇಲಿ ಅದೇ ಡೆಮಾಕ್ರಟ್ ಪಕ್ಷದವರ ಕೈಲಿ ಸೋತು ಸೀಟನ್ನೇ ಕೊಟ್ಟು ಬಂದ್ರು. ನಡುವೆ ಅಕ್ಟೋಬರಲ್ಲಿ ರಷ್ಯಾನೂ ಈ ಬಾಂಬ್ ಕಳಚೋ ಒಪ್ಪಂದ ಮುಂದುವರಿಸಲ್ಲ ಅಂತು.

2019ರಲ್ಲಿ ಲೂಗರ್ ತೀರ್ಕೊಂಡ ಮೇಲೆ ನೌಕಾಪಡೆಯವರಿಗೆ ಭಕ್ತಿ ಬಂತು, ಅವರ ಹೆಸರನ್ನ ಒಂದು ಹಡಗಿಗೆ ಇಡ್ತೀವಿ ಅಂದ್ರು. ಎಂಥಾ ಹಡಗು? ಕ್ಷಿಪಣಿ ಹಾರಿಸೋ ಡಿಸ್ಟ್ರಾಯರ್. ನನ್ ಅವರಿಗೂ ಅದೇ ಜಾತಿಯ ಇನ್ನೊಂದು. ಜೀವಮಾನವಿಡೀ ಕ್ಷಿಪಣಿ ಕಳಚಿದವರಿಗೆ ಕ್ಷಿಪಣಿ ತುಂಬಿಸಿ ಸನ್ಮಾನ! ಇರ್ಲಿ ಬಿಡಿ, ಹಡಗು ಅಂದ್ಮೇಲೆ ಹೋಂ ಪೋರ್ಟ್ ಅಂತ ಒಂದು ಖಾಯಂ ಬಂದರು ಕೊಟ್ಟೇ ಕೊಡ್ತಾರೆ, ಪರ್ಮನೆಂಟ್ ಅಡ್ರೆಸ್ಸಾದ್ರೂ ಆಯ್ತು.