ನೋಡುಗರ ಬೆನ್ನು ಬಿಡಿ, ಡೀಸೆಲ್ ಲೆಕ್ಕ ಕೊಡಿ

ಆನ್‌ಲೈನ್‌ನಲ್ಲಿ ಸಿನಿಮಾ, ಸೀರೀಸ್ ನೋಡಿದರೆ ಭೂಮಿ ಬಿಸಿಯಾಗುತ್ತದೆ ಎನ್ನುವ ಪೋಸ್ಟ್ ಮತ್ತೆ ಓಡಾಡುತ್ತಿದೆ. ಅರ್ಧ ಗಂಟೆ ವಿಡಿಯೊ ನೋಡುವುದೂ ಒಂದೇ, ಆರು ಕಿಲೋಮೀಟರ್ ಕಾರು ಓಡಿಸುವುದೂ ಒಂದೇ ಅಂತೆ. ಓದಿದವರು ಪಾಪ, ತಾವೇ ಏನೋ ಅಪರಾಧ ಮಾಡಿದ ಹಾಗೆ ಕೆಳಗೆ ಕಾಮೆಂಟ್ ಹಾಕುತ್ತಿದ್ದಾರೆ. ಹಾಗಾಗಿ ಇಷ್ಟುದ್ದ ಬರೆಯಬೇಕಾಯಿತು. ಪುರುಸೊತ್ತು ಇದ್ದವರು ಓದಿ.

ಮೊದಲು ಆ ಲೆಕ್ಕದ ಕಥೆ. 2019ರಲ್ಲಿ ಫ್ರಾನ್ಸ್‌ನ ಶಿಫ್ಟ್ ಪ್ರಾಜೆಕ್ಟ್ ಎಂಬ ಸಂಸ್ಥೆಯ ಕಡೆಯಿಂದ ಈ ಮಾತು ಹೊರಟಿತು. ಅರ್ಧ ಗಂಟೆಗೆ 1.6 ಕಿಲೋ ಇಂಗಾಲದ ಡೈಆಕ್ಸೈಡ್. ಪತ್ರಿಕೆಗಳು ಎತ್ತಿಕೊಂಡವು, ಜಗತ್ತೆಲ್ಲ ಸುತ್ತಿತು. ಆಮೇಲೆ ನೋಡಿದರೆ ಯಾರೋ ಡೇಟಾ ಅಳೆಯುವಾಗ ಬಿಟ್‌ಗೂ ಬೈಟ್‌ಗೂ ವ್ಯತ್ಯಾಸ ಮರೆತಿದ್ದರು. ಒಂದು ಬೈಟ್ ಅಂದರೆ 8 ಬಿಟ್. ಒಂದೇ ಏಟಿಗೆ ಲೆಕ್ಕ 8 ಪಟ್ಟು ಉಬ್ಬಿತ್ತು. 2020ರಲ್ಲಿ ಆ ಸಂಸ್ಥೆಯೇ ತಿದ್ದುಪಡಿ ಹಾಕಿತು. ತಿದ್ದುಪಡಿಯನ್ನು ಯಾರು ಓದುತ್ತಾರೆ ಹೇಳಿ? ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಬೇರೆಯಾಗಿ ಲೆಕ್ಕ ಹಾಕಿದಾಗ ಗಂಟೆಗೆ ಸುಮಾರು 36 ಗ್ರಾಂ ಬಂತು. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಎಂಬ ಸಲಹಾ ಸಂಸ್ಥೆ 2021ರಲ್ಲಿ ಯುರೋಪಿನ ಸರಾಸರಿ ತೆಗೆದು 55 ಗ್ರಾಂ ಎಂದಿತು. ಈ ಎರಡನೆಯ ಅಧ್ಯಯನಕ್ಕೆ ನೆಟ್‌ಫ್ಲಿಕ್ಸ್‌ನ ನೆರವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆದರೂ ಎರಡು ಲೆಕ್ಕಗಳೂ ಹತ್ತಿರ ಹತ್ತಿರವೇ ಇವೆ. ಅದರಲ್ಲೂ ಅರ್ಧದಷ್ಟು ನಿಮ್ಮ ಮನೆಯ ಪರದೆ ಎಳೆಯುವ ಕರೆಂಟು. ದೊಡ್ಡ ಟಿವಿಯಾದರೆ ಜಾಸ್ತಿ, ಫೋನಾದರೆ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ.

ಅಂದರೆ ನೀವು ಒಂದು ಎಪಿಸೋಡು ಕಡಿಮೆ ನೋಡಿದ್ದಕ್ಕೆ ಯಾವ ಹಿಮನದಿಯೂ ಉಳಿಯುವುದಿಲ್ಲ. ಹಾಗಾದರೆ ಮನರಂಜನೆ ಕಂಪನಿಗಳ ಹೊಗೆ ಎಲ್ಲಿಂದ ಬರುತ್ತದೆ?

ನೆಟ್‌ಫ್ಲಿಕ್ಸ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅವರು ಅಂಕಿಅಂಶ ಹೊರಗೆ ಹಾಕಿದ್ದಾರೆ, ಹಾಗಾಗಿ ಮಾತಾಡಲು ಏನಾದರೂ ಸಿಗುತ್ತದೆ. 2020ರಲ್ಲಿ ಕಂಪನಿಯ ಒಟ್ಟು ಇಂಗಾಲದ ಹೊರಸೂಸುವಿಕೆ ಸುಮಾರು 11 ಲಕ್ಷ ಟನ್. ಅದರಲ್ಲಿ ಅರ್ಧ ಸಿನಿಮಾ, ಸೀರೀಸ್‌ಗಳ ಚಿತ್ರೀಕರಣದ್ದು. ಶೇ. 45ರಷ್ಟು ಕಚೇರಿ ನಡೆಸುವುದು ಮತ್ತು ಹೊರಗಿನಿಂದ ಕೊಳ್ಳುವ ಸರಕು, ಸೇವೆಗಳದ್ದು. ವಿಡಿಯೊವನ್ನು ಸರ್ವರ್‌ಗಳಿಂದ ಕಳಿಸುವ ಕೆಲಸಕ್ಕೆ ಉಳಿದದ್ದು ಬರೀ ಶೇ. 5.

2020 ಅಂದರೆ ಯಾವ ವರ್ಷ? ಎಲ್ಲರೂ ಮನೆಯಲ್ಲಿ ಕೂತು ಸೀರೀಸ್ ಮೇಲೆ ಸೀರೀಸ್ ನೋಡಿದ ವರ್ಷ. ನೆಟ್‌ಫ್ಲಿಕ್ಸ್‌ಗೆ ಆ ಒಂದೇ ವರ್ಷ ಸುಮಾರು 3.7 ಕೋಟಿ ಹೊಸ ಚಂದಾದಾರರು ಸೇರಿದರು. ಆದರೆ ಶೂಟಿಂಗ್ ತಿಂಗಳುಗಟ್ಟಲೆ ನಿಂತಿತ್ತು. ಮರುವರ್ಷ ಕ್ಯಾಮೆರಾ ಮತ್ತೆ ಓಡತೊಡಗಿತು, ಒಟ್ಟು ಲೆಕ್ಕ ಸುಮಾರು 15 ಲಕ್ಷ ಟನ್ನಿಗೆ ಹಾರಿತು. ನಮ್ಮ ಮನೆ ಟಿವಿಯ ಕರೆಂಟು ಅವರ ಈ ಲೆಕ್ಕದೊಳಗೆ ಬರುವುದಿಲ್ಲ, ನಿಜ. ಆದರೆ ಕಂಪನಿಯ ಕೈಯಲ್ಲಿರುವ ಹೊಗೆ ಯಾವುದಕ್ಕೆ ಏರುತ್ತದೆ, ಯಾವುದಕ್ಕೆ ಇಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗಂತೂ ಕಂಡಿಲ್ಲ.

ಶೂಟಿಂಗ್ ಜಾಗದಲ್ಲಿ ಪ್ರೇಕ್ಷಕರ ಕಣ್ಣಿಗೆ ಯಾವತ್ತೂ ಬೀಳದ ಒಂದು ಯಂತ್ರ ಇರುತ್ತದೆ. ಡೀಸೆಲ್ ಜನರೇಟರ್. ಅದರ ಸದ್ದು ಡೈಲಾಗ್ ರೆಕಾರ್ಡಿಂಗ್‌ಗೆ ಬೀಳಬಾರದು ಅಂತ ಸೆಟ್‌ನಿಂದ ದೂರ ಎಲ್ಲೋ ನಿಲ್ಲಿಸುತ್ತಾರೆ. ಅಲ್ಲಿಂದ ಉದ್ದುದ್ದ ಕೇಬಲ್ ಎಳೆಯುತ್ತಾರೆ. ಬೆಳಗಿನ ಜಾವ ಮೇಕಪ್ ಶುರುವಾಗುವ ಮೊದಲೇ ಅದು ಶುರು. ರಾತ್ರಿ ಪ್ಯಾಕಪ್ ಆಗಿ ಕೊನೆಯ ಲೈಟು ಗಾಡಿಗೆ ಏರುವವರೆಗೂ ಆಫ್ ಆಗುವುದಿಲ್ಲ. ಇದು ಸೆಟ್‌ನ ಮಾತಾಯಿತು. ನಟರ ಕ್ಯಾರವಾನ್‌ಗಳು, ಕಾಸ್ಟ್ಯೂಮ್ ಗಾಡಿ, ಊಟದ ಟೆಂಟ್, ಇವಕ್ಕೆಲ್ಲ ಬೇರೆ ಜನರೇಟರ್. ಯಾರೂ ಒಳಗಿಲ್ಲದಿದ್ದರೂ ಕ್ಯಾರವಾನ್‌ನ ಎಸಿ ಮಾತ್ರ ಓಡುತ್ತಲೇ ಇರುತ್ತದೆ, ಯಾಕೆಂದರೆ ಅವರು ಯಾವಾಗ ಬರುತ್ತಾರೋ ಗೊತ್ತಿಲ್ಲ.

ಇನ್ನೊಂದು ವಿಚಿತ್ರ ಇದೆ. ಎಲ್ಲ ಲೈಟೂ ಒಟ್ಟಿಗೆ ಉರಿಯುವ ಆ ಅರ್ಧ ಗಂಟೆಗೆ ಎಷ್ಟು ಕರೆಂಟು ಬೇಕೋ ಅಷ್ಟು ದೊಡ್ಡ ಜನರೇಟರ್ ತರಿಸುತ್ತಾರೆ. ಉಳಿದ ಹೊತ್ತೆಲ್ಲ ಅದು ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಕೊಡುತ್ತಾ ಸುಮ್ನೆ ಗುರುಗುಡುತ್ತಿರುತ್ತದೆ. ಡೀಸೆಲ್ ಎಂಜಿನ್‌ಗೆ ಇಷ್ಟು ಕಡಿಮೆ ಕೆಲಸ ಕೊಟ್ಟರೆ ಅದು ಸರಿಯಾಗಿ ಕಾಯುವುದೇ ಇಲ್ಲ. ಇಂಧನ ಪೂರ್ತಿ ಉರಿಯುವುದಿಲ್ಲ, ಮಸಿ ಕಟ್ಟುತ್ತದೆ, ಕೊಡುವ ಪ್ರತಿ ಯೂನಿಟ್ ಕರೆಂಟಿಗೂ ಜಾಸ್ತಿ ಡೀಸೆಲ್ ಕುಡಿಯುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. 100 ಲೀಟರ್ ಉರಿಸಿದರೆ 270 ಕಿಲೋ ಆಯಿತು. 55 ಗ್ರಾಂ ಲೆಕ್ಕದಲ್ಲಿ ಅದು 4,900 ಗಂಟೆ ವಿಡಿಯೊ ನೋಡಿದ್ದಕ್ಕೆ ಸಮ. ಜನರೇಟರ್ ಪಕ್ಕದಲ್ಲೇ ದಿನವಿಡೀ ಕೆಲಸ ಮಾಡುವ ಹುಡುಗರ ಶ್ವಾಸಕೋಶದ ಲೆಕ್ಕ ಬೇರೆಯೇ, ಅದನ್ನು ಯಾವ ವರದಿಯೂ ಟನ್‌ಗಳಲ್ಲಿ ಕೊಡುವುದಿಲ್ಲ.

ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳ ಒಕ್ಕೂಟವೊಂದು 2021ರಲ್ಲಿ ತಮ್ಮದೇ ಸಿನಿಮಾಗಳ ಲೆಕ್ಕ ಹೊರಗಿಟ್ಟಿತು. ಭಾರಿ ಬಜೆಟ್ಟಿನ ಒಂದು ಚಿತ್ರಕ್ಕೆ ಸರಾಸರಿ 3,370 ಟನ್. ಶೂಟಿಂಗ್‌ನ ಒಂದೊಂದು ದಿನಕ್ಕೆ 33 ಟನ್. ಅದರಲ್ಲಿ ಅತಿ ದೊಡ್ಡ ಪಾಲು ಗಾಡಿ ಮತ್ತು ಜನರೇಟರ್‌ಗಳ ಇಂಧನದ್ದೇ.

ವಿಮಾನದ್ದೂ ಕಡಿಮೆಯಿಲ್ಲ. ಬಿಸಿನೆಸ್ ಕ್ಲಾಸ್ ಸೀಟಿನ ಹೊಗೆ ಎಕಾನಮಿ ಸೀಟಿನ ಸುಮಾರು 3 ಪಟ್ಟು, ಯಾಕೆಂದರೆ ಅದು ಅಷ್ಟು ಜಾಗ ತಿನ್ನುತ್ತದೆ. ಸ್ಟಾರ್ ನಟರ ಖಾಸಗಿ ಜೆಟ್ ಬಗ್ಗೆ ಹೇಳುವುದೇ ಬೇಡ. ಸೆಟ್ ಕಟ್ಟಲು ಬಳಸುವ ತೆಳು ಪ್ಲೈವುಡ್ ಎಷ್ಟೋ ಸಲ ಆಗ್ನೇಯ ಏಷ್ಯಾದ ಮಳೆಕಾಡಿನ ಮರ. ಕೆಲವು ವಾರ ಅರಮನೆಯಾಗಿ ನಿಂತು ಆಮೇಲೆ ಕಸದ ಗುಡ್ಡೆ ಸೇರುತ್ತದೆ.

ಕಂಪನಿಗಳಿಗೆ ಇದೆಲ್ಲ ಗೊತ್ತಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತು. ಕೆಲವರು ನಿಜವಾಗಿ ಕೆಲಸವನ್ನೂ ಮಾಡುತ್ತಿದ್ದಾರೆ, ಅದನ್ನು ಒಪ್ಪಿಕೊಳ್ಳಲು ನನಗೆ ಬೇಜಾರಿಲ್ಲ. ಇಂಗ್ಲೆಂಡಿನಲ್ಲಿ ಬ್ರಿಡ್ಜರ್ಟನ್ ಎಂಬ ಸೀರೀಸ್‌ನ ಎರಡನೇ ಸೀಸನ್ ಚಿತ್ರೀಕರಣದಲ್ಲಿ ನೆಟ್‌ಫ್ಲಿಕ್ಸ್ ಡೀಸೆಲ್ ಜನರೇಟರ್ ಬದಲು ಹಸಿರು ಹೈಡ್ರೋಜನ್‌ನಿಂದ ಕರೆಂಟು ಕೊಡುವ ಘಟಕ ತರಿಸಿತ್ತು. ಅದರಿಂದ ಹೊರಗೆ ಬರುವುದು ನೀರಿನ ಆವಿ. 2023ರಲ್ಲಿ ಡಿಸ್ನಿ ಜೊತೆ ಸೇರಿ ಶೂಟಿಂಗ್‌ಗೆ ಬೇಕಾದ ಶುದ್ಧ ಸಂಚಾರಿ ವಿದ್ಯುತ್ ಕಂಡುಹಿಡಿಯುವ ಹೊಸ ಕಂಪನಿಗಳಿಗೆ ಬೆಂಬಲ ಕೊಡುವ ಯೋಜನೆಯನ್ನೂ ಶುರು ಮಾಡಿತು. ಜನರೇಟರ್ ಬದಲಿಗೆ ಗಾಡಿ ಮೇಲೆ ತರುವ ದೊಡ್ಡ ಬ್ಯಾಟರಿಗಳೂ ಬಂದಿವೆ. ಇವಕ್ಕೆ ಸದ್ದೇ ಇಲ್ಲ, ಹಾಗಾಗಿ ಸೆಟ್‌ನ ಪಕ್ಕದಲ್ಲೇ ನಿಲ್ಲಿಸಬಹುದು. ಮೊದಲಿನಷ್ಟು ಉದ್ದದ ಕೇಬಲ್ ಎಳೆಯುವ ಕೆಲಸವಿಲ್ಲ. ಸೌಂಡ್ ರೆಕಾರ್ಡಿಸ್ಟ್‌ಗಂತೂ ಹಬ್ಬ. ಎಲ್‌ಇಡಿ ಲೈಟ್‌ಗಳು ಬಂದ ಮೇಲೆ ಬೇಕಾಗುವ ಕರೆಂಟೇ ಎಷ್ಟೋ ಇಳಿದಿದೆ.

ಇಷ್ಟೆಲ್ಲ ಇದ್ದರೂ ಜನರೇಟರ್ ಹೋಗುತ್ತಿಲ್ಲ. ನನ್ನ ಅಂದಾಜಿನಲ್ಲಿ ಕಾರಣ ತಂತ್ರಜ್ಞಾನದ್ದಲ್ಲ, ಭಯದ್ದು. ಒಂದು ದಿನದ ಶೂಟಿಂಗ್ ನಿಂತರೆ ಎಷ್ಟು ದುಡ್ಡು ಮುಳುಗುತ್ತದೆ ಎಂಬುದು ನಿರ್ಮಾಣ ನೋಡಿಕೊಳ್ಳುವವರ ತಲೆಯಲ್ಲಿ ಸದಾ ಓಡುತ್ತಿರುತ್ತದೆ. ಡೀಸೆಲ್ ಕೈಕೊಡುವುದಿಲ್ಲ ಎಂಬ ನಂಬಿಕೆ ಹಳೆಯದು. ಬ್ಯಾಟರಿ ತರಿಸಿದವರೂ ಯಾವುದಕ್ಕೂ ಇರಲಿ ಅಂತ ಒಂದು ಡೀಸೆಲ್ ಜನರೇಟರ್ ಹಿಂದೆ ನಿಲ್ಲಿಸಿಕೊಳ್ಳುತ್ತಾರೆ. ಬ್ಯಾಟರಿ ಬಾಡಿಗೆ ಬೀಳುವುದು ಆ ಚಿತ್ರದ ಬಜೆಟ್ಟಿನ ಮೇಲೆ, ಹೊಗಳಿಕೆ ಹೋಗುವುದು ಕಂಪನಿಯ ವಾರ್ಷಿಕ ವರದಿಗೆ. ಹೀಗಿರುವಾಗ ನಿರ್ಮಾಪಕ ಯಾಕೆ ತಲೆ ಕೆಡಿಸಿಕೊಳ್ಳುತ್ತಾನೆ?

ಈಗ ನನಗೆ ನಿಜವಾಗಿ ಸಿಟ್ಟು ಬರುವ ಭಾಗಕ್ಕೆ ಬರುತ್ತೇನೆ. ಮಾರ್ಚ್ 2021ರಲ್ಲಿ ನೆಟ್‌ಫ್ಲಿಕ್ಸ್ ದೊಡ್ಡ ಘೋಷಣೆ ಮಾಡಿತು. 2022ರ ಕೊನೆಗೆ ನೆಟ್ ಝೀರೋ, ಅಂದರೆ ಬಿಟ್ಟ ಹೊಗೆಯನ್ನೆಲ್ಲ ಸರಿದೂಗಿಸಿ ಲೆಕ್ಕ ಸೊನ್ನೆಗೆ ತರುವುದು, ಆಮೇಲೆ ಪ್ರತಿ ವರ್ಷವೂ ನೆಟ್ ಝೀರೋ. ಇಷ್ಟು ಬೇಗ ಹೇಗೆ ಸಾಧ್ಯ? ಕಡಿಮೆ ಮಾಡಲಾಗದ ಹೊಗೆಗೆಲ್ಲ ಕಾರ್ಬನ್ ಕ್ರೆಡಿಟ್ ಕೊಳ್ಳುವುದರಿಂದ ಸಾಧ್ಯ. ಎಲ್ಲೋ ಒಂದು ಕಾಡನ್ನು ಕಡಿಯದಂತೆ ಕಾಯಲು ದುಡ್ಡು ಕೊಡುತ್ತೀರಿ. ಕಡಿದಿದ್ದರೆ ಇಷ್ಟು ಟನ್ ಹೊಗೆ ಬರುತ್ತಿತ್ತು, ಅದು ತಪ್ಪಿತು ಅಂತ ನಿಮ್ಮ ಖಾತೆಗೆ ಬರೆದುಕೊಳ್ಳುತ್ತೀರಿ. ಆ "ಕಡಿದಿದ್ದರೆ" ಎನ್ನುವ ಊಹೆಯ ಮೇಲೆಯೇ ಇಡೀ ವ್ಯಾಪಾರ ನಿಂತಿದೆ. 2023ರ ಜನವರಿಯಲ್ಲಿ ಗಾರ್ಡಿಯನ್ ಮತ್ತು ಜರ್ಮನಿಯ ಡಿ ಝೈಟ್ ಪತ್ರಿಕೆಗಳ ತನಿಖೆ, ಜಗತ್ತಿನ ಅತಿ ದೊಡ್ಡ ಪ್ರಮಾಣೀಕರಣ ಸಂಸ್ಥೆ ವೆರಾ ಒಪ್ಪಿದ್ದ ಮಳೆಕಾಡು ಕ್ರೆಡಿಟ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಹುಸಿಯಾಗಿರುವ ಸಾಧ್ಯತೆ ಇದೆ ಎಂದಿತು. ವೆರಾ ಅದನ್ನು ಒಪ್ಪಲಿಲ್ಲ. ಜಗಳ ಇನ್ನೂ ಇದೆ. ಆದರೆ ಜಗಳ ಇರುವ ಲೆಕ್ಕವನ್ನು, ಜಗಳವೇ ಇಲ್ಲದ ಡೀಸೆಲ್ ಹೊಗೆಯ ಎದುರಿಗಿಟ್ಟು ಸೊನ್ನೆ ಮಾಡುವುದು ಎಷ್ಟು ಸರಿ?

ನೆಟ್‌ಫ್ಲಿಕ್ಸ್ ತನ್ನ ಘೋಷಣೆಯಲ್ಲಿ ಹೆಸರಿಸಿದ್ದ ಯೋಜನೆಗಳಲ್ಲಿ ಕೀನ್ಯಾದ ಕಾಸಿಗಾವ್ ಕಾರಿಡಾರ್ ಎಂಬ ಕಾಡು ಕಾಯುವ ಯೋಜನೆಯೂ ಒಂದು. 2023ರ ಕೊನೆಯಲ್ಲಿ ಅಲ್ಲಿನ ಕೆಲವು ಸಿಬ್ಬಂದಿಯ ಮೇಲೆ ಲೈಂಗಿಕ ಕಿರುಕುಳದ ಗಂಭೀರ ಆರೋಪಗಳನ್ನು ಮಾನವ ಹಕ್ಕು ಸಂಘಟನೆಗಳು ಹೊರಗೆ ತಂದವು. ಇದರಲ್ಲಿ ಕ್ರೆಡಿಟ್ ಕೊಂಡವರ ಕೈವಾಡ ಇದೆ ಅಂತ ನಾನು ಹೇಳುತ್ತಿಲ್ಲ. ಸಾವಿರಾರು ಮೈಲಿ ದೂರದ ಕಾಡಿನಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೆ ಸುಲಭವಾಗಿ ಕಾಣುವುದಿಲ್ಲ. ಅದೇ ತೊಂದರೆ. ತಮ್ಮ ಸೆಟ್‌ನ ಹಿಂದಿರುವ ಜನರೇಟರ್ ಮಾತ್ರ ಅವರಿಗೆ ದಿನಾ ಕಾಣುತ್ತದೆ.

ನೆಟ್‌ಫ್ಲಿಕ್ಸ್ ತನ್ನ ಗುರಿಗಳನ್ನು ಬರೆದಿರುವ ರೀತಿಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂಪನಿ ನೇರವಾಗಿ ಉರಿಸುವ ಇಂಧನ ಮತ್ತು ಕೊಳ್ಳುವ ಕರೆಂಟಿನ ಹೊಗೆಯನ್ನು 2030ರ ಹೊತ್ತಿಗೆ 2019ಕ್ಕಿಂತ ಶೇ. 46 ಇಳಿಸುತ್ತೇವೆ ಎಂದಿದ್ದಾರೆ. ಇದು ಗಟ್ಟಿ ಗುರಿ, ಒಪ್ಪೋಣ. ಆದರೆ ಈ ಪಾಲು ಒಟ್ಟು ಲೆಕ್ಕದಲ್ಲಿ ಬಹಳ ಸಣ್ಣದು. ಬೆಟ್ಟದಷ್ಟು ಇರುವುದು ಕಂಪನಿಗಾಗಿ ಬೇರೆಯವರ ಕೈಯಲ್ಲಿ ಬರುವ ಹೊಗೆ, ಅಂದರೆ ಪ್ರಯಾಣ, ಸರಕು, ಬೇರೆ ನಿರ್ಮಾಣ ಸಂಸ್ಥೆಗಳು ಇವರಿಗಾಗಿ ಮಾಡಿಕೊಡುವ ಚಿತ್ರಗಳು. ಅದಕ್ಕೆ ಇಟ್ಟಿರುವ ಗುರಿ ಕಂಪನಿ ಗಳಿಸುವ ಮೌಲ್ಯದ ಪ್ರತಿ ದಶಲಕ್ಷ ಡಾಲರ್‌ಗೆ ಶೇ. 55 ಇಳಿಕೆ. ಸಾಲ ಕಡಿಮೆ ಮಾಡು ಅಂದರೆ, ಸಂಬಳಕ್ಕೆ ಹೋಲಿಸಿದರೆ ಕಡಿಮೆ ಮಾಡುತ್ತೇನೆ ಅಂದ ಹಾಗೆ ಇದು. ಗಳಿಕೆ ಮೂರು ಪಟ್ಟಾದರೆ ಈ ಗುರಿಯನ್ನು ಮುಟ್ಟಿಯೂ ಒಟ್ಟು ಹೊಗೆ 2019ಕ್ಕಿಂತ ಜಾಸ್ತಿಯಾಗಬಹುದು. ವಾತಾವರಣಕ್ಕೆ ಡಾಲರ್ ಲೆಕ್ಕ ಗೊತ್ತಿಲ್ಲ, ಅಲ್ವಾ?

ನೋಡುಗರ ಟಿವಿಯ ಕರೆಂಟನ್ನು ಲೆಕ್ಕಕ್ಕೆ ಸೇರಿಸದಿರುವುದರ ಬಗ್ಗೆ ನನ್ನ ತಕರಾರು ಅಷ್ಟಿಲ್ಲ. ಟಿವಿ ಮಾಡುವವರು ಅದನ್ನು ಸೇರಿಸಿಕೊಳ್ಳಬೇಕು. ಸೋನಿಯಂಥ ಕಂಪನಿ ತಾನು ಮಾರಿದ ಟಿವಿ, ಪ್ಲೇಸ್ಟೇಷನ್‌ಗಳು ಜನರ ಮನೆಯಲ್ಲಿ ಎಳೆಯುವ ಕರೆಂಟನ್ನೂ ತನ್ನ ಲೆಕ್ಕದಲ್ಲೇ ತೋರಿಸುತ್ತದೆ. 2050ಕ್ಕೆ ಇಟ್ಟುಕೊಂಡಿದ್ದ ನೆಟ್ ಝೀರೋ ಗುರಿಯನ್ನು 2022ರಲ್ಲಿ 10 ವರ್ಷ ಹಿಂದಕ್ಕೆ, 2040ಕ್ಕೆ ತಂದುಕೊಂಡಿದೆ. ತಲುಪುತ್ತದೋ ಇಲ್ಲವೋ ಬೇರೆ ಮಾತು, ಅಂತೂ ಗೆರೆ ಎಲ್ಲಿ ಎಳೆದಿದೆ ಅಂತ ಕಾಣುತ್ತದೆ.

ಹವಾಮಾನದ ಕಥೆ ಹೇಳುವ ಸಿನಿಮಾ ಮಾಡಿ ಜಾಗೃತಿ ಮೂಡಿಸುತ್ತೇವೆ ಎನ್ನುವುದನ್ನೂ ಮನರಂಜನೆ ಕಂಪನಿಗಳು ತಮ್ಮ ಪರಿಸರ ಕೆಲಸದ ಪಟ್ಟಿಯಲ್ಲಿ ಹಾಕಿಕೊಳ್ಳುತ್ತವೆ. ಒಳ್ಳೆಯ ಕಥೆ ಬರಲಿ, ನೋಡುತ್ತೇನೆ. ಅದನ್ನು ಹೊಗೆಯ ಲೆಕ್ಕದ ಪಕ್ಕದಲ್ಲಿ ಮಾತ್ರ ಇಡಬೇಡಿ.

ನಾನು ಕೇಳುವುದು ಒಂದೇ. ಕಂಪನಿಯ ಒಟ್ಟು ಲೆಕ್ಕ ಸಾಲದು, ಒಂದೊಂದು ಚಿತ್ರದ ಲೆಕ್ಕ ಬೇಕು. ಬ್ರಿಟನ್‌ನಲ್ಲಿ ಆಲ್ಬರ್ಟ್ ಎಂಬ ವ್ಯವಸ್ಥೆ 2011ರಿಂದ ಇದೆ. ಶೂಟಿಂಗ್‌ಗೆ ಮೊದಲು ಮತ್ತು ಆದ ಮೇಲೆ ನಿರ್ಮಾಣ ತಂಡ ಇಂಧನ, ಪ್ರಯಾಣ, ಸರಕು ಎಲ್ಲವನ್ನೂ ಅದರಲ್ಲಿ ತುಂಬುತ್ತದೆ. 2022ರಿಂದ ಬಿಬಿಸಿ ತನ್ನ ಹೊಸ ಟಿವಿ ಕಾರ್ಯಕ್ರಮಗಳಿಗೆ ಇದರ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದೆ. ಕೊನೆಯ ಕ್ರೆಡಿಟ್ಸ್‌ನಲ್ಲಿ ಒಂದು ಪುಟ್ಟ ಲೋಗೊ ಬಂದು ಹೋಗುತ್ತದೆ. ಅಂದರೆ ಅಂಕಿ ಯಾರ ಬಳಿಯೋ ಇದ್ದೇ ಇದೆ. ಲೋಗೊ ಬದಲು ಅದನ್ನೇ ಹಾಕಲಿ. ಈ ಸೀರೀಸ್‌ಗೆ ಇಷ್ಟು ಟನ್, ಇಷ್ಟು ಲೀಟರ್ ಡೀಸೆಲ್, ಇಷ್ಟು ವಿಮಾನ ಪ್ರಯಾಣ. ಹಿಂದಿನ ಸೀಸನ್‌ಗೆ ಇಷ್ಟಿತ್ತು.

ಇದರಿಂದ ಪ್ರೇಕ್ಷಕರು ನೋಡುವುದನ್ನು ಬಿಡುತ್ತಾರೆ ಅಂತ ನನಗನ್ನಿಸುವುದಿಲ್ಲ. ನಾನಂತೂ ಬಿಡುವುದಿಲ್ಲ. ಆದರೆ ಅದೇ ಥರದ ಎರಡು ಸೀರೀಸ್‌ಗಳಲ್ಲಿ ಒಂದಕ್ಕೆ ಇನ್ನೊಂದರ ಎರಡು ಪಟ್ಟು ಡೀಸೆಲ್ ಹೋಗಿದೆ ಅಂತ ಪರದೆ ಮೇಲೆ ಕಂಡರೆ, ಮೊದಲು ಕಸಿವಿಸಿಯಾಗುವುದು ಅದರ ನಿರ್ಮಾಪಕನಿಗೆ. ಮುಂದಿನ ಬಜೆಟ್ ಮೀಟಿಂಗ್‌ನಲ್ಲಿ ಬ್ಯಾಟರಿ ಬಾಡಿಗೆಯ ಸಾಲನ್ನು ಯಾರಾದರೂ ಹೊಡೆದು ಹಾಕಲು ಹೊರಟಾಗ, ಬೇಡ, ಇರಲಿ ಬಿಡಿ ಅಂತ ಹೇಳಲು ಅವನಿಗೂ ಒಂದು ಕಾರಣ ಇರುತ್ತದೆ.