ಗೇಟ್ ಮುಂದ ಆರು ಬೈಕು

ಇವತ್ತು ಮುಂಜಾನೆ ಗೇಟ್ ತಗದ್ರ ಅಡ್ಡ ಆರು ಬೈಕು, ಹ್ಯಾಂಡಲ್ ಲಾಕ್ ಬ್ಯಾರೆ, ನಾ ಏನ್ ಹಾರಿ ಹೋಗ್ಲೇನ್ರಿ ಆಫೀಸಿಗೆ? ಧಾರವಾಡದ ಸಪ್ತಾಪುರದಾಗ ಮನಿ ಅಂದ್ರ ಮಂದಿ "ಭಾರಿ ಏರಿಯಾ ಬಿಡ್ರಿ" ಅಂತಾರ. ಹೌದ್ರಿ, ಭಾರಿನ! ಎಡಕ್ಕ ಪೀಜಿ, ಬಲಕ್ಕ ಲೈಬ್ರರಿ, ಎದುರಿಗೆ ಸರಕಾರಿ ನೌಕರಿ ಪರೀಕ್ಷಾದ ಕೋಚಿಂಗ್ ಕ್ಲಾಸು, ಪಿಎಸ್‌ಐ, ಕೆಎಎಸ್, ಎಫ್‌ಡಿಎ ಬ್ಯಾನರ್ ನಡುವ ಕರೆಂಟ್ ಕಂಬ ಎಲ್ಲೈತಿ ಅಂತ ಹುಡುಕಬೇಕು. ರಾತ್ರಿ ಒಂದಕ್ಕ ಚಾ ಕುಡಕೋತ ಈ ಕ್ಲಾಸಿನ ಹುಡುಗ್ರು ನಮ್ಮ ಕಟ್ಟಿ ಮ್ಯಾಲ ಕುಂತು ಕಲ್ಯಾಣ ಕರ್ನಾಟಕದ 371ಜೆ ಮೀಸಲಾತಿ ಚರ್ಚಾ ಮಾಡ್ತಾವ, ನಿದ್ದಿಗಣ್ಣಾಗ ಕೇಳಿ ಕೇಳಿ ನಂಗೂ ಬಾಯಿಪಾಠ ಆಗೇತಿ, ಈ ಸಲ ನಾನ ಅರ್ಜಿ ಹಾಕ್ಲೇನು? ನಲ್ಲಿ ನೀರು ಬರೂದ ವಾರಕ್ಕೊಮ್ಮಿ, ಬಂದ ದಿವ್ಸ ಬಾಜೂ ಪೀಜಿದು ಎರಡು ಮೋಟರ್ ಚಾಲೂ, ನಮ್ಮ ನಲ್ಯಾಗ ಬರೇ ಗಾಳಿ ಸಪ್ಪಳ. ಬೈಕ್ ತಗೀರಪಾ ಅಂದ್ರ "ಅಂಕಲ್, ಎರಡ ನಿಮಿಷ" ಅಂದು ಹೋದಾಂವ ಇನ್ನೂ ಬಂದಿಲ್ರಿ!